ಬುಟ್ಟಿ ಕಟ್ಟದ ಬೈಕು

ಪೆರ್ಪೆತುವಾ ದಕ್ಲಾನ್ ಎಂದು ಕೇಳಿದರೆ ದಾನಾವೊ ಊರಿನ ಮಾರುಕಟ್ಟೆಯಲ್ಲಿ ಯಾರೂ ದಾರಿ ತೋರಿಸುವುದಿಲ್ಲ. ಪೆತಾಂಗ್ ಎಂದರೆ ಮಕ್ಕಳೂ ಒಣಮೀನಿನ ಸಾಲಿನ ಕಡೆ ಕೈ ಮಾಡುತ್ತಾರೆ. ಅವಳ ಗಂಡ ಹಡಗಿನಲ್ಲಿ ಅಡುಗೆಯವನು. ದಕ್ಷಿಣದ ಮಿಂದನಾವೊ ದ್ವೀಪದಲ್ಲಿ ಇನ್ನೊಂದು ಸಂಸಾರ ಹೂಡಿಕೊಂಡು ಈ ಕಡೆ ತಲೆ ಹಾಕುವುದನ್ನೇ ಬಿಟ್ಟಿದ್ದ. ಇವಳು ಹಳೇ ಬೈಕಿನ ಹಿಂದೆ ಮೀನಿನ ಬುಟ್ಟಿ ಕಟ್ಟಿಕೊಂಡು ಊರೂರು ತಿರುಗಿ ಸ್ವಂತ ಅಂಗಡಿ ಹಾಕಿದಳು. ನಲವತ್ತು ದಾಟಿದ ಮೇಲೆ ಒಂದು ದಿನ ನನ್ನ ಬೈಕು ಬಿಡಿಭಾಗದ ಅಂಗಡಿಗೆ ಬಂದು ಸ್ಟೂಲೆಳೆದು ಕೂತಳು.

"ತಾಸ್ಯೊ, ನಂಗೊಂದು ಬೈಕು ಬೇಕು. ಬುಟ್ಟಿ ಕಟ್ಟೋಕಲ್ಲ."

"ಮತ್ಯಾಕೆ?"

"ಸುಮ್ನೆ ಓಡಿಸೋಕೆ. ನೀವು ಗಂಡಸ್ರು ಭಾನುವಾರ ಬೆಟ್ಟ ಹತ್ತಿ ಮೆರೀತೀರಲ್ಲ, ಹಂಗೆ."

ನಮ್ಮದು ಐದು ಜನರ ಕೂಟ. ಭಾನುವಾರ ಬೆಳಗ್ಗೆ ಬೆಟ್ಟದ ರಸ್ತೆ ಹಿಡಿದು ಹೋಗುವುದು, ಮೇಲಿನ ತಿರುವಿನ ಹೋಟೆಲಿನಲ್ಲಿ ಸುಟ್ಟ ಹಂದಿಮಾಂಸ ತಿನ್ನುವುದು, ಆಚೆ ಬದಿ ಇಳಿದು ಶೂಟಿಂಗ್ ರೇಂಜಿನಲ್ಲಿ ಮಧ್ಯಾಹ್ನದ ತನಕ ಗುಂಡು ಹಾರಿಸುವುದು. ಬೇರೆ ಊರಿನವರು ಅಂಕದ ಹುಂಜ ಸಾಕಿದ ಹಾಗೆ ನಮ್ಮೂರಿನವರು ಪಿಸ್ತೂಲು ಸಾಕುತ್ತಾರೆ. ಹಿತ್ತಿಲ ಕುಲುಮೆಯಲ್ಲಿ ಅಜ್ಜನ ಕಾಲದಿಂದ ಬಂದೂಕು ಮಾಡುವ ಊರು ಇದು. ಕೂಟದ ಹಿರಿಯ ಗ್ರೆಗೋರಿಯೊ, ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದು ನಿವೃತ್ತನಾದವನು. ಊರಿಗೆಲ್ಲ ಅಣ್ಣನಾದ್ದರಿಂದ ಎಲ್ಲರ ಬಾಯಲ್ಲೂ ನೊಯ್ ಗೋರ್ಯೊ. ಲೆಯಾಂಡ್ರೊ ಎಂಬ ಇನ್ನೊಬ್ಬ ಬಂದೂಕಿನ ಅಂಗಡಿ ಇಟ್ಟಿದ್ದ. ಒಳ್ಳೆಯ ಮಾತುಗಾರ. ಅವನ ಬೈಕು ನಮ್ಮೆಲ್ಲರದಕ್ಕಿಂತ ದೊಡ್ಡದು, ಅವನ ನಗುವೂ ಹಾಗೆಯೇ.

ಪೆತಾಂಗ್ ಬೈಕು ಆರಿಸಲು ಹೊರಟಾಗ ಕೂಟವೆಲ್ಲ ಜೊತೆಗೆ ಹೋಯಿತು. ಹಳೇ ಬೈಕಿನ ವ್ಯಾಪಾರಿಯ ಅಂಗಳದಲ್ಲಿ ಲೆಯಾಂಡ್ರೊ ಒಂದು ಸಣ್ಣ ಸ್ಕೂಟರನ್ನು ತಟ್ಟಿ ತೋರಿಸಿದ.

"ಇದು ನೋಡು ಪೆತಾಂಗ್. ಗೇರಿಲ್ಲ, ಕ್ಲಚ್ಚಿಲ್ಲ, ಲಂಗಾನೂ ಸಿಕ್ಕೊಳಲ್ಲ."

"ನಿಮ್ಮವ್ವಂಗೆ ಕೊಡ್ಸು," ಅಂದು ಅವಳು ಮೂಲೆಯಲ್ಲಿದ್ದ ಒಂದು ಕಪ್ಪು ಬೈಕಿನ ಮೇಲೆ ಕಾಲು ಹಾಕಿದಳು. ನಾನೂರು ಸಿಸಿ, ಎರಡು ಸಿಲಿಂಡರು, ಪೆಟ್ರೋಲ್ ಟ್ಯಾಂಕಿನ ಮೇಲೆ ಒಂದು ನೆಗ್ಗು. ಎರಡೂ ಪಾದ ನೆಲಕ್ಕೆ ಊರಿದವು. ಹ್ಯಾಂಡಲ್ಲನ್ನು ಆಚೆ ಈಚೆ ತಿರುಗಿಸಿದಳು. ಕಣ್ಣು ಮುಚ್ಚಿಕೊಂಡು ಎಂಜಿನ್ ಸದ್ದು ಕೇಳಿದಳು.

ನೊಯ್ ಗೋರ್ಯೊ ಬಂದು ಅವಳನ್ನು ಇಳಿಸಿ ಬೈಕನ್ನು ಮೆಲ್ಲಗೆ ನೆಲಕ್ಕೆ ಮಲಗಿಸಿದ.

"ಎತ್ತು ನೋಡೋಣ. ಎತ್ತೋಕಾಗ್ದಿರೋ ಬೈಕು ನಿಂದಲ್ಲ ಮಗಾ."

ಗಂಡಸರು ಸುತ್ತ ನಿಂತು ನಕ್ಕರು. ಅವಳು ಮೊದಲು ಹ್ಯಾಂಡಲ್ ಹಿಡಿದು ಎಳೆದಳು, ಅಲುಗಲಿಲ್ಲ. ಆಮೇಲೆ ಬೆನ್ನು ತಿರುಗಿಸಿ ಸೀಟಿಗೆ ಸೊಂಟ ಕೊಟ್ಟು ಕೂತು, ಮೀನಿನ ಬುಟ್ಟಿ ಏರಿಸುವ ಹಾಗೆ ಕಾಲಿನ ಬಲದಲ್ಲಿ ಹಿಂದಕ್ಕೆ ಹೆಜ್ಜೆ ಹಾಕಿದಳು. ಬೈಕು ಎದ್ದು ನಿಂತಿತು.

"ಈಗ ನಗ್ರೋ," ಅಂದಳು ಏದುಸಿರು ಬಿಡುತ್ತಾ.

ರೇಂಜಿಗೆ ಬರಲು ಅವಳಿಗೆ ತನ್ನದೇ ಪಿಸ್ತೂಲೂ ಬೇಕಿತ್ತು. ಅದರ ಆಯ್ಕೆ ಇಷ್ಟು ಸುಲಭವಾಗಲಿಲ್ಲ. ಎರಡು ತಿಂಗಳು ರೇಂಜಿನಲ್ಲಿ ನಮ್ಮೆಲ್ಲರ ಪಿಸ್ತೂಲುಗಳನ್ನು ಒಂದೊಂದಾಗಿ ಹಿಡಿದು ನೋಡಿದಳು. ಅವಳ ಅಂಗೈ ಚಿಕ್ಕದು. ದಪ್ಪ ಹಿಡಿಯ ಪಿಸ್ತೂಲಿನಲ್ಲಿ ಬೆರಳು ಟ್ರಿಗರಿಗೆ ಎಟುಕುತ್ತಿರಲಿಲ್ಲ. ಕಣ್ಣು ಮುಚ್ಚಿ ಗುರಿಯ ಕಡೆ ಕೈ ಚಾಚು, ಕಣ್ಣು ಬಿಟ್ಟಾಗ ನಳಿಗೆ ಎಲ್ಲಿ ನೋಡುತ್ತಿದೆ ಎಂದು ನೋಡು ಎಂದು ನೊಯ್ ಗೋರ್ಯೊ ಕಲಿಸಿದ. ಹಲವು ಪಿಸ್ತೂಲುಗಳು ಆಕಾಶ ನೋಡಿದವು, ಕೆಲವು ನೆಲ ನೋಡಿದವು.

ಒಂದು ಭಾನುವಾರ ಲೆಯಾಂಡ್ರೊ ಬಟ್ಟೆಯಲ್ಲಿ ಸುತ್ತಿದ ಒಂದು ಪಿಸ್ತೂಲು ತಂದ. ತೆಳ್ಳಗಿನದು, ಎಮ್ಮೆಕೊಂಬಿನ ಹಿಡಿ, ಕಪ್ಪು ನೀರಿನಂಥ ಹೊಳಪು. ಪೆತಾಂಗ್ ಕಣ್ಣು ಮುಚ್ಚಿ ಕೈ ಚಾಚಿದಳು. ನಳಿಗೆ ಗುರಿಯ ನಡುವಿಗೇ ನಿಂತಿತ್ತು.

"ಇದೇ," ಅಂದಳು.

"ನಿನಗೋಸ್ಕರಾನೇ ಹುಟ್ಟಿದ್ದು," ಅಂದ ಲೆಯಾಂಡ್ರೊ. "ಬೇರೆಯವ್ರಿಗಾದ್ರೆ ಈ ರೇಟಿಗೆ ಹಿಡೀನೂ ಕೊಡ್ತಿರ್ಲಿಲ್ಲ."

"ಇಲ್ಲಿ ಕೊಡು," ಎಂದು ನೊಯ್ ಗೋರ್ಯೊ ಅದನ್ನು ಈಸಿಕೊಂಡ. ಕನ್ನಡಕ ಹಾಕಿಕೊಂಡ. ಪಿಸ್ತೂಲಿನ ಸಂಖ್ಯೆ ಕೊರೆದಿದ್ದ ಜಾಗದ ಮೇಲೆ ಹೆಬ್ಬೆರಳಾಡಿಸಿ ಬಿಸಿಲಿಗೆ ಓರೆ ಹಿಡಿದ. ನೋಡುತ್ತಿದ್ದ ಹಾಗೆ ಅವನ ಮುಖ ಗಂಟಿಕ್ಕಿತು.

"ಉಜ್ಜಿ ಹಾಕಿ ಹೊಸ ನಂಬರ್ ಕುಟ್ಟಿದಾರೆ. ಇಲ್ಲಿ ತಗ್ಗಾಗಿದೆ ನೋಡ್ರಿ. ಇದು ಯಾರನ್ನ ಹೊಡೆದು ಬಂದಿದ್ದು ಲೆಯಾಂಡ್ರೊ?"

"ಏನ್ ಮಾತಾಡ್ತೀಯ ನೊಯ್! ಹಿತ್ತಲಲ್ಲಿ ಮಾಡೋರ ಕೆಲಸ, ತಪ್ಪು ಕುಟ್ಟಿರ್ತಾರೆ."

"ಇದು ಹಿತ್ತಲ ಮಾಲಲ್ಲ. ನನ್ನ ಕಣ್ಣಿಗೆ ಪೊರೆ ಬಂದಿರ್ಬೋದು, ಬೆರಳಿಗೆ ಬಂದಿಲ್ಲ. ಇದನ್ನ ಇವಳ ಹೆಸರಿಗೆ ಹಾಕಿದ್ರೆ, ನಾಳೆ ಆ ಕೊಲೇನೂ ಇವಳ ಹೆಸರಿಗೇ ಬೀಳುತ್ತೆ."

ಲೆಯಾಂಡ್ರೊ ನಗಲಿಲ್ಲ. ಪಿಸ್ತೂಲು ಕಸಿದು ಬಟ್ಟೆಯಲ್ಲಿ ಸುತ್ತಿದ. ನೊಯ್ ಗೋರ್ಯೊ ದನಿ ತಗ್ಗಿಸಿದ. ನಾವೆಲ್ಲ ಕೇಳಿಸಿಕೊಂಡೆವು.

"ನಿನ್ನ ಮಕ್ಳಿಗೆ ಹೆಸರಿಟ್ಟವನು ನಾನು, ಅದಕ್ಕೆ ಹೇಳ್ತಿದೀನಿ. ಮುಂದಿನ ಭಾನುವಾರದೊಳಗೆ ನೀನಾಗೇ ತಗೊಂಡೋಗಿ ಪೊಲೀಸರಿಗೆ ಒಪ್ಪಿಸು. ಇಲ್ದಿದ್ರೆ ಸೋಮವಾರ ನಾನು ಹೋಗ್ತೀನಿ."

ಅಂದೇ ಅವನು ತನ್ನ ಹಳೇ ಪಾಯಿಂಟ್ ಮೂವತ್ತೆಂಟರ ರಿವಾಲ್ವರನ್ನು ಪೆತಾಂಗಳ ಕೈಗಿಟ್ಟ. ಅಂದವಿಲ್ಲ, ಹಿಡಿಯ ಮರ ಸವೆದಿತ್ತು, ಕೈಗೆ ಮಾತ್ರ ಒಪ್ಪಿತ್ತು. ಕಾಗದಪತ್ರ ಮುಗಿಸಿ ವಾರದಲ್ಲಿ ಅದು ಅವಳದಾಯಿತು.

ಮುಂದಿನ ಭಾನುವಾರ ಲೆಯಾಂಡ್ರೊ ಬರಲಾರ ಎಂದುಕೊಂಡಿದ್ದೆವು. ಬಂದ. ನೊಯ್ ಗೋರ್ಯೊನ ಬೆನ್ನು ತಟ್ಟಿ, "ಕೆಲಸ ಮುಗೀತು ನೊಯ್, ನಿನ್ನೆ ಒಪ್ಪಿಸಿಬಿಟ್ಟೆ," ಅಂದ. ಮುದುಕನ ಮುಖ ಅರಳಿತು. ಬೆಟ್ಟದ ಹೋಟೆಲಿನ ಬೆಂಚಿನಲ್ಲಿ ಕೂತೆವು. ಮೋಡ ರಸ್ತೆಯ ಮಟ್ಟಕ್ಕೆ ಇಳಿದಿತ್ತು. ಲೆಯಾಂಡ್ರೊ ಸಿಗರೇಟು ತರುತ್ತೇನೆಂದು ಎದ್ದು ಆಚೆ ಬದಿಯ ಗೂಡಂಗಡಿಗೆ ಹೋದ. ನೊಯ್ ಗೋರ್ಯೊ ತೆಂಗಿನ ಗರಿಯಲ್ಲಿ ಕಟ್ಟಿ ಬೇಯಿಸಿದ ಅನ್ನದ ಪೊಟ್ಟಣ ಬಿಡಿಸುತ್ತಿದ್ದ.

ಸಣ್ಣ ಬೈಕೊಂದು ಬಂದು ನಿಂತಿತು. ಇಬ್ಬರು ಸವಾರರು, ಇಬ್ಬರಿಗೂ ಮುಖ ಮುಚ್ಚುವ ಹೆಲ್ಮೆಟ್. ಹಿಂದಿನವನು ಇಳಿದು ಊಟಕ್ಕೆ ಬಂದವನ ಹಾಗೆ ನಡೆದು ಬಂದ. ನಾನು ಅವನಿಗೆ ಜಾಗ ಮಾಡಿಕೊಡಲೆಂದು ಕಾಲು ಸರಿಸಿದೆ. ಅವನು ನೊಯ್ ಗೋರ್ಯೊನ ಕತ್ತಿನ ಹಿಂದೆ ಪಿಸ್ತೂಲಿಟ್ಟು ಹೊಡೆದ. ಮುದುಕ ಮೇಜಿನ ಮೇಲೆ ಕುಸಿದ. ಬೆನ್ನಿಗೆ ಇನ್ನೆರಡು ಗುಂಡು. ಬಟ್ಟಲು ಉರುಳಿ ಸಾರು ರಕ್ತದೊಂದಿಗೆ ಬೆರೆತು ನನ್ನ ತೊಡೆಯ ಮೇಲೆ ಬಿಸಿಬಿಸಿಯಾಗಿ ಸುರಿಯಿತು. ಹೋಟೆಲಿನಾಕೆ ಚೀರಿದಳು. ಅಷ್ಟರಲ್ಲಿ ಅವನು ಬೈಕು ಏರಿ ಆಗಿತ್ತು.

ನಮ್ಮೆಲ್ಲರ ಬಳಿ ಪಿಸ್ತೂಲಿತ್ತು, ಆದರೆ ಯಾರ ಕೈಯಲ್ಲೂ ಇರಲಿಲ್ಲ. ರೇಂಜಿಗೆ ಒಯ್ಯುವಾಗ ಪಿಸ್ತೂಲು ಒಂದು ಚೀಲದಲ್ಲಿ, ಗುಂಡು ಇನ್ನೊಂದರಲ್ಲಿ ಇರಬೇಕೆಂಬುದು ನಿಯಮ. ನಾನು ನೊಯ್ ಗೋರ್ಯೊನ ಕತ್ತಿಗೆ ಅಂಗೈ ಒತ್ತಿ ಹಿಡಿದೆ. ಬೆರಳ ಸಂದಿಯಿಂದ ರಕ್ತ ಚಿಮ್ಮಿತು, ಆಮೇಲೆ ನಿಂತಿತು. ಒತ್ತಿದ್ದರಿಂದ ನಿಂತದ್ದಲ್ಲವೆಂದು ನನಗೆ ತಿಳಿಯಿತು.

ಪೆತಾಂಗ್ ನಿಂತಲ್ಲೇ ರಿವಾಲ್ವರ್ ತೆರೆದು ಗುಂಡು ತುಂಬುತ್ತಿದ್ದಳು. ಅವಸರದಲ್ಲಿ ಕೆಲವು ಕೆಳಗೆ ಬಿದ್ದವು. ಬಗ್ಗಲಿಲ್ಲ. ತುಂಬಿದಷ್ಟನ್ನು ಮುಚ್ಚಿ, ಸೊಂಟಕ್ಕೆ ಸಿಕ್ಕಿಸಿ, ಹೆಲ್ಮೆಟ್ಟಿಲ್ಲದೆ ಕಪ್ಪು ಬೈಕು ಹತ್ತಿದಳು.

"ಪೆತಾಂಗ್, ಬೇಡ್ವೇ! ಸಾಯ್ತೀಯ!" ಎಂದು ಕೂಗಿದೆ. ಅವಳು ಆಗಲೇ ತಿರುವು ದಾಟಿದ್ದಳು. ನಾನೂ ಬೈಕು ಹತ್ತಿದೆ.

ಆ ಇಳಿಜಾರನ್ನು ನಾನು ಈಗಲೂ ಕನಸಿನಲ್ಲಿ ಇಳಿಯುತ್ತೇನೆ. ಎಡಕ್ಕೆ ಬಂಡೆ, ಬಲಕ್ಕೆ ಕಣಿವೆ, ನಡುವೆ ಒದ್ದೆ ಟಾರು. ಮುಂದೆ ಸಣ್ಣ ಬೈಕು ಇಬ್ಬರನ್ನು ಹೊತ್ತು ತಿರುವಿನಿಂದ ತಿರುವಿಗೆ ಹಾವಿನಂತೆ ಹರಿಯುತ್ತಿತ್ತು. ನೇರ ದಾರಿ ಸಿಕ್ಕಾಗಲೆಲ್ಲ ಪೆತಾಂಗ್ ಹತ್ತಿರವಾಗುತ್ತಿದ್ದಳು. ಹಿಂದಿನ ಸವಾರ ತಿರುಗಿ ಹೊಡೆದ. ಅವಳ ಕನ್ನಡಿ ಚೂರಾಗಿ ಮುಖಕ್ಕೆ ಸಿಡಿಯಿತು. ಮತ್ತೆ ಹೊಡೆದ. ಅವಳ ತೊಡೆ ಒಮ್ಮೆ ಅದುರಿದ್ದು ಹಿಂದಿದ್ದ ನನಗೂ ಕಂಡಿತು. ವೇಗ ಮಾತ್ರ ತಗ್ಗಲಿಲ್ಲ. ಅವಳು ರಿವಾಲ್ವರನ್ನು ಮುಟ್ಟಲೂ ಇಲ್ಲ. ಬಾಳೆಹಣ್ಣು ಮಾರುವ ಗುಡಿಸಲಿನ ತಿರುವಿನಲ್ಲಿ ಅವರು ಹೊರಬದಿಗೆ ಹೋದರು, ಇವಳು ಒಳಬದಿಯಿಂದ ನುಗ್ಗಿ ತನ್ನ ಬೈಕಿನ ಭಾರವನ್ನೆಲ್ಲ ಅವರ ಹಿಂದಿನ ಚಕ್ರಕ್ಕೆ ಕೊಟ್ಟಳು.

ಮೂವರೂ ಉರುಳಿದರು. ಓಡಿಸುತ್ತಿದ್ದವನು ಹಾರಿ ತಡೆಗೋಡೆಗೆ ಬಡಿದ. ಕತ್ತು ಯಾರ ಕತ್ತೂ ತಿರುಗಬಾರದ ಕಡೆ ತಿರುಗಿತ್ತು. ಅವನು ಮತ್ತೆ ಅಲುಗಲಿಲ್ಲ. ಹೊಡೆದವನು ಚರಂಡಿಯಲ್ಲಿ ತನ್ನ ಬೈಕಿನ ಅಡಿಯಲ್ಲಿ ಸಿಕ್ಕಿಬಿದ್ದಿದ್ದ. ಕಾಲಿನ ಮೂಳೆ ಪ್ಯಾಂಟು ಹರಿದು ಹೊರಬಂದಿತ್ತು. ಪಿಸ್ತೂಲು ದೂರ ಬಿದ್ದಿತ್ತು. ಪೆತಾಂಗ್ ಟಾರಿನ ಮೇಲೆ ತೆವಳಿ ಎದ್ದು ಕುಂಟುತ್ತಾ ಹೋಗಿ ಅವನ ಹೆಲ್ಮೆಟ್ ಕಿತ್ತಳು. ಇಪ್ಪತ್ತೈದರ ಒಳಗಿನ ಮುಖ, ಮೀಸೆ ಸರಿಯಾಗಿ ಬಂದಿರಲಿಲ್ಲ. ಅದೇ ಹೆಲ್ಮೆಟ್ಟಿನಿಂದ ಅವನ ಮುಖಕ್ಕೆ ಹೊಡೆದಳು. ಮತ್ತೆ ಹೊಡೆದಳು. ಹಲ್ಲು ಮುರಿದ ಸದ್ದು ನನಗೆ ಕೇಳಿಸಿತು.

"ಅವನ ಹೆಸರಾದ್ರೂ ಗೊತ್ತೇನೋ ನಿಂಗೆ? ಹೇಳು! ನೀನು ಕೊಂದೋನ ಹೆಸರು ಹೇಳು!"

ನಾನು ಅವಳನ್ನು ಹಿಂದಿನಿಂದ ತಬ್ಬಿ ಹಿಡಿದೆ. ಅವಳ ತೊಡೆಯಿಂದ ರಕ್ತ ಇಳಿದು ನನ್ನ ಪಾದ ತೊಯ್ಯಿಸುತ್ತಿತ್ತು.

ಆಗ ಲೆಯಾಂಡ್ರೊ ತನ್ನ ದೊಡ್ಡ ಬೈಕಿನಲ್ಲಿ ಬಂದಿಳಿದ. ಅವನ ಕೈಯಲ್ಲಿ ಪಿಸ್ತೂಲು ಸಿದ್ಧವಾಗಿತ್ತು.

"ಸರೀರಿ ಇಬ್ರೂ. ಮುಗಿಸಿಬಿಡೋಣ ಈ ನಾಯೀನ. ನೊಯ್ ಗೋರ್ಯೊ ಆತ್ಮಕ್ಕೆ ಶಾಂತಿ ಸಿಗ್ಲಿ."

"ಬೇಡ," ಅಂದಳು ಪೆತಾಂಗ್. ಆ ಕ್ಷಣದ ತನಕ ಅವಳೇ ಅವನನ್ನು ಕೊಲ್ಲುತ್ತಿದ್ದಳು. "ಯಾರು ಕಳಿಸಿದ್ದು ಅಂತ ಇವನು ಬಾಯಿಬಿಡ್ಬೇಕು."

"ಇಂಥೋರು ಏನು ಬಾಯಿಬಿಡ್ತಾರೆ? ಪಕ್ಕಕ್ಕೆ ಸರಿ ಅಂದ್ನಲ್ಲ!"

ಚರಂಡಿಯಲ್ಲಿದ್ದವನು ಲೆಯಾಂಡ್ರೊನ ದನಿ ಕೇಳಿ ಊದಿದ ಕಣ್ಣು ಬಿಟ್ಟ. ರಕ್ತದ ಬಾಯಿಂದಲೇ ತೊದಲಿದ: "ಸರ್... ನೀವು ಹೇಳ್ದಂಗೇ ಮಾಡಿದೀನಲ್ಲ ಸರ್. ಕಾಲು ಹೋಯ್ತು ಸರ್. ಆಸ್ಪತ್ರೆಗೆ ಸೇರ್ಸಿ ಸರ್."

ಲೆಯಾಂಡ್ರೊ ಹೊಡೆದ. ಗುಂಡು ಚರಂಡಿಯಲ್ಲಿದ್ದವನ ಕೆನ್ನೆ ಸೀಳಿ ಕಿವಿಯ ಕೆಳಗೆ ಹೊರಬಿತ್ತು. ಎರಡನೆಯದಕ್ಕೆ ಕೈ ನೆಟ್ಟಗೆ ಮಾಡಿಕೊಳ್ಳುವಷ್ಟರಲ್ಲಿ ಪೆತಾಂಗ್ ನನ್ನ ತೋಳಿನೊಳಗಿಂದಲೇ ರಿವಾಲ್ವರ್ ಎತ್ತಿ ಹಾರಿಸಿದಳು. ಮೊದಲ ಗುಂಡು ಲೆಯಾಂಡ್ರೊನ ಹೊಟ್ಟೆಗೆ ಬಿತ್ತು. ಅವನು ಆಶ್ಚರ್ಯದಿಂದ ಬಗ್ಗಿ ನೋಡಿಕೊಂಡ, ಆಮೇಲೆ ಪಿಸ್ತೂಲನ್ನು ನಮ್ಮ ಕಡೆ ತಿರುಗಿಸಿದ. ಅವಳು ಮತ್ತೆ ಹಾರಿಸಿದಳು. ನನ್ನ ಕಿವಿಯಲ್ಲಿ ಕುಂಯ್ ಎನ್ನುವ ಸದ್ದು ಬಿಟ್ಟರೆ ಬೇರೇನೂ ಉಳಿಯಲಿಲ್ಲ. ಲೆಯಾಂಡ್ರೊ ರಸ್ತೆಯ ನಡುವೆ ಮೊಣಕಾಲೂರಿ ಕೂತ. ಕೂಟದ ಉಳಿದಿಬ್ಬರು ಬಂದು ಅವನನ್ನು ತರಕಾರಿ ಗಾಡಿಯೊಂದಕ್ಕೆ ಹತ್ತಿಸಿದರು. ಬೆಟ್ಟ ಇಳಿಯುವ ಮೊದಲೇ ಎಲೆಕೋಸಿನ ಮೂಟೆಗಳ ನಡುವೆ ನೀರು ನೀರು ಎನ್ನುತ್ತಾ ಸತ್ತ.

ಕೆನ್ನೆ ಸೀಳಿದವನು ಬದುಕಿದ. ಅರ್ಧ ನಾಲಿಗೆಯಲ್ಲೇ ಎಲ್ಲವನ್ನೂ ಹೇಳಿದ. ಎಮ್ಮೆಕೊಂಬಿನ ಪಿಸ್ತೂಲು ಲೆಯಾಂಡ್ರೊನ ಅಂಗಡಿಯ ನೆಲದಡಿ ಸಿಕ್ಕಿತು. ಅದು ಪೊಲೀಸರ ಕಡೆ ಹೋಗಿರಲೇ ಇಲ್ಲ. ಪೆತಾಂಗಳ ಮೇಲೂ ಮೊಕದ್ದಮೆ ನಡೆಯಿತು. ಕೈಗೆ ಗುರಿಯಿಟ್ಟಿದ್ದೆ, ಗುಂಡು ತಪ್ಪಿ ಹೊಟ್ಟೆಗೆ ಬಿತ್ತು ಎಂದು ಹೇಳುವಂತೆ ಅವಳ ವಕೀಲ ಹೇಳಿಕೊಟ್ಟಿದ್ದ. ಕಟಕಟೆಯಲ್ಲಿ ನಿಂತು ಅವಳು ಅಂದದ್ದು ಇಷ್ಟು:

"ಹೊಟ್ಟೆಗೇ ಇಟ್ಟಿದ್ದೆ ಸ್ವಾಮಿ. ನಾನು ಗುರಿ ತಪ್ಪಲ್ಲ."

ವಕೀಲ ತಲೆ ಮೇಲೆ ಕೈ ಹೊತ್ತು ಕೂತ. ಆದರೂ ನನ್ನ ಸಾಕ್ಷಿ, ನಮ್ಮ ಕಡೆ ತಿರುಗಿದ್ದ ಲೆಯಾಂಡ್ರೊನ ಪಿಸ್ತೂಲು, ಇವೆಲ್ಲ ಸೇರಿ ಅವಳ ಬಿಡುಗಡೆಯಾಯಿತು. ನೊಯ್ ಗೋರ್ಯೊನ ಹೆಂಡತಿ ಕೋರ್ಟಿನ ಮೆಟ್ಟಿಲ ಮೇಲೆ ಅವಳನ್ನು ತಬ್ಬಿಕೊಂಡಳು. ಪೆತಾಂಗ್ ಕೈ ಎತ್ತಿ ತಿರುಗಿ ತಬ್ಬಲಿಲ್ಲ, ಕಂಬದ ಹಾಗೆ ನಿಂತಿದ್ದಳು. "ನಾನು ಆ ಕೊಂಬಿನ ಹಿಡಿಗೆ ಆಸೆಪಡದೆ ಇದ್ದಿದ್ರೆ," ಎಂದು ಆಮೇಲೆ ನನ್ನೊಡನೆ ಒಮ್ಮೆ ಶುರು ಮಾಡಿ, ಮಾತು ಮುಗಿಸದೆ ಎದ್ದು ಹೋದಳು. ಕೂಟ ಮುರಿದು ಹೋಯಿತು. ಭಾನುವಾರ ಯಾರೂ ಬೆಟ್ಟ ಹತ್ತುವುದಿಲ್ಲ.

ಬಿಡುಗಡೆಯಾದ ವಾರ ನಾನು ಅವಳ ಅಂಗಡಿಯಲ್ಲಿದ್ದಾಗ ಒಬ್ಬ ಬಡಕಲು ಹೆಂಗಸು ಬಂದು ಮೀನಿನ ರಾಶಿಯ ಮುಂದೆ ನಿಂತಳು. ಏನೂ ಕೊಳ್ಳಲಿಲ್ಲ.

"ತಡೆಗೋಡೆಗೆ ಬಡಿದು ಸತ್ನಲ್ಲ, ಅವನ ತಾಯಿ ನಾನು."

ಹೆಂಗಸು ಪೆತಾಂಗಳ ಕೆನ್ನೆಗೆ ಬಾರಿಸಿದಳು. ಪೆತಾಂಗ್ ಮುಖ ಸರಿಸಲಿಲ್ಲ. ನಾನು ಎದ್ದೆ. ಅವಳು ಕಣ್ಣಿನಲ್ಲೇ ನನ್ನನ್ನು ಕೂರಿಸಿದಳು.

"ಅವನು ಯಾರನ್ನೂ ಹೊಡೆದಿಲ್ಲ," ಅಂದಳು ಹೆಂಗಸು. "ಅವನಿಗೆ ಬೈಕು ಓಡಿಸೋದೊಂದೇ ಬರ್ತಿದ್ದಿದ್ದು."

"ಗೊತ್ತು ನಾಂಗ್," ಅಂದಳು ಪೆತಾಂಗ್, ಅಕ್ಕನನ್ನು ಕರೆದ ಹಾಗೆ. "ಆ ಇಳಿಜಾರಲ್ಲಿ, ಹಿಂದೆ ಒಬ್ಬನ್ನ ಕೂರಿಸ್ಕೊಂಡು, ಅಷ್ಟು ಚೆನ್ನಾಗಿ ಓಡಿಸೋನನ್ನ ನಾನು ಕಂಡೇ ಇಲ್ಲ."

ಹೆಂಗಸು ಖಾಲಿ ಪೆಟ್ಟಿಗೆಯ ಮೇಲೆ ಕೂತು ಕೈಗಳಿಂದ ಮುಖ ಮುಚ್ಚಿಕೊಂಡಳು. ಪೆತಾಂಗ್ ಅವಳ ಪಕ್ಕದಲ್ಲಿ ಗುಂಡು ಬಿದ್ದ ಕಾಲನ್ನು ಚಾಚಿಕೊಂಡು ನೆಲದ ಮೇಲೆ ಕೂತಳು. ಗಿರಾಕಿಗಳು ಬಂದರು, ನೋಡಿದರು, ಬೇರೆ ಅಂಗಡಿಗೆ ಹೋದರು.