ಒಂದೇ ಅಂಗಳದ ಇಬ್ಬರು ನಟರಾಜರು

ನಟರಾಜ ಸತ್ತನೆಂಬ ಸುದ್ದಿ ಹೊಸಗದ್ದೆಗೆ ಬಂದಾಗ ಬಸಮ್ಮ ವಿಶಾಲಮ್ಮನವರ ಕಣದಲ್ಲಿ ಕಾಫಿ ಹಣ್ಣು ಹರವುತ್ತಿದ್ದಳು. ಪಕ್ಕದ ಯಸಳೂರಿನಲ್ಲಿ ಹೋಟೆಲು ಇಟ್ಟಿದ್ದ ನಂಜುಂಡ ಬೈಕಿನಲ್ಲಿ ಬಂದವನು ಸ್ಟ್ಯಾಂಡ್ ಕೂಡ ಹಾಕದೆ ಅದನ್ನು ಗೋಡೆಗೆ ಒರಗಿಸಿ ಒಳಗೆ ಓಡಿದ. ಸ್ವಲ್ಪ ಹೊತ್ತಿಗೆ ಒಳಗಿನಿಂದ ವಿಶಾಲಮ್ಮನವರ ಕೂಗು ಕೇಳಿಸಿತು. ಅಂಥ ಕೂಗಿನ ಅರ್ಥವನ್ನು ಯಾವ ತಾಯಿಗೂ ಬಿಡಿಸಿ ಹೇಳಬೇಕಾಗಿಲ್ಲ. ಬಸಮ್ಮ ಕೈಯಲ್ಲಿದ್ದುದನ್ನು ಅಲ್ಲೇ ಬಿಸಾಕಿ ಹಿತ್ತಿಲ ಬಾಗಿಲಿಗೆ ಓಡಿದಳು.

ನಡೆದದ್ದು ಇಷ್ಟು. ಬೆಳಗ್ಗೆ ಬಿಸಿಲೆ ಘಾಟಿಯ ತಿರುವಿನಲ್ಲಿ ಬೈಕೊಂದು ಲಾರಿಗೆ ತಾಗಿ ಕಣಿವೆಗೆ ಬಿದ್ದಿತ್ತು. ಓಡಿಸುತ್ತಿದ್ದವನು ಮರದ ಬುಡದಲ್ಲಿ ಸಿಕ್ಕಿಕೊಂಡಿದ್ದ. ಆಂಬುಲೆನ್ಸಿನವರು ಅವನನ್ನು ಘಟ್ಟದ ಕೆಳಗಿನ ಆಸ್ಪತ್ರೆಗೆ ಒಯ್ಯುವಾಗ ಹೆಸರು ಕೇಳಿದ್ದಾರೆ. "ನಟರಾಜ, ಯಸಳೂರು" ಅಂದಿದ್ದಾನೆ. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿದೆ. ಆಂಬುಲೆನ್ಸಿನ ಡ್ರೈವರಿಗೆ ನಂಜುಂಡನ ಗುರುತಿತ್ತು, ಫೋನು ಮಾಡಿದ. ಮುಖ ನೋಡುವ ಹಾಗಿಲ್ಲ, ಫೋಟೋ ಕಳಿಸುವುದಿಲ್ಲ, ಮನೆಯವರು ಬಂದುಬಿಡಲಿ ಎಂದ.

ನಂಜುಂಡ ಯಾವ ನಟರಾಜ ಎಂದು ಕೇಳಲಿಲ್ಲ. ಯಾಕೆ ಕೇಳುತ್ತಾನೆ? ಯಸಳೂರು ಹೋಬಳಿಗೆಲ್ಲ ನಟರಾಜ ಎಂದರೆ ಒಬ್ಬನೇ. ರಾಜ್ಯದ ತಂಡಕ್ಕೆ ಕಬಡ್ಡಿ ಆಡಿದವನು, ಸರ್ಕಲ್ಲಿನಲ್ಲಿ ಆಳೆತ್ತರದ ಫ್ಲೆಕ್ಸಿನಲ್ಲಿ ತೊಡೆ ತಟ್ಟಿ ನಿಂತವನು, ಸಾವ್ಕಾರ್ ಮಹಾದೇವಯ್ಯ ಮತ್ತು ವಿಶಾಲಮ್ಮನವರ ಒಬ್ಬನೇ ಮಗ. ಅವನು ಪಂದ್ಯಕ್ಕೆಂದು ಘಟ್ಟದ ಕೆಳಗೆ ಹೋಗಿದ್ದೂ ನಿಜ. ಉಳಿದ ಹುಡುಗರು ರಾತ್ರಿಯೇ ವ್ಯಾನಿನಲ್ಲಿ ವಾಪಸು ಬಂದಿದ್ದರು, ಇವನೊಬ್ಬ ಗೆಳೆಯನ ಮನೆಯಲ್ಲಿ ಉಳಿದಿದ್ದ. ಬೈಕು ಆ ಗೆಳೆಯನದಿರಬೇಕು. ಈಗ ಫೋನು ಹತ್ತುತ್ತಿಲ್ಲ. ಇನ್ನೇನು ಬೇಕು?

ಇನ್ನೊಬ್ಬ ನಟರಾಜ ಇದ್ದ. ಆದರೆ ಅವನ ಹೆಸರು ನಟರಾಜ ಎಂಬುದು ಊರಿಗೆ ಮರೆತು ಎಷ್ಟೋ ಕಾಲವಾಗಿತ್ತು. ಊರಿನ ಮಾತು ಬಿಡಿ, ಹೆತ್ತ ತಾಯಿಗೇ ಮರೆತಿತ್ತು. ಆ ತಾಯಿ ಈಗ ವಿಶಾಲಮ್ಮನವರ ಹಿತ್ತಿಲ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಬಸಮ್ಮನದು ವಾಲಗದ ಮನೆ. ಗಂಡ ಜವರಪ್ಪ ಬದುಕಿದ್ದಷ್ಟು ಕಾಲ ಸುತ್ತಿನ ಮದುವೆಗೂ ಸಾವಿಗೂ ಅವನದೇ ಊದು. ಮಗ ಹುಟ್ಟಿದಾಗ, ನಾದದ ಮನೆಗೆ ಕುಣಿಯುವ ದೇವರ ಹೆಸರೇ ಸರಿ ಎಂದು ಜವರಪ್ಪ ನಟರಾಜ ಎಂದು ಹೆಸರಿಟ್ಟ. ಅದಾಗಿ ಎರಡು ತಿಂಗಳಿಗೆ ಸಾವ್ಕಾರರ ಮನೆಯಲ್ಲೂ ಗಂಡು ಹುಟ್ಟಿತು. ಜೋಯಿಸರು ಲೆಕ್ಕ ಹಾಕಿ ತೆಗೆದ ಹೆಸರೂ ಅದೇ ಆಯಿತು. ಆಗ ವಿಶಾಲಮ್ಮನವರ ಅತ್ತೆ ಬದುಕಿದ್ದರು. ಬಸಮ್ಮನನ್ನು ಕರೆಸಿ ಕಾಫಿ ಕೊಟ್ಟು, ಮೆತ್ತಗೆ ಹೇಳಿದರು. ಒಂದೇ ಅಂಗಳದಲ್ಲಿ ಇಬ್ಬರು ನಟರಾಜರು ಬೇಡ, ನಾಳೆ ನೀನು ನಿನ್ನ ಮಗನನ್ನು ಹಾಳಾಗಿ ಹೋಗು ಎಂದು ಬೈಯುತ್ತೀಯ, ಆ ಬೈಗುಳ ನಮ್ಮ ಮನೆಯ ಮಗುವಿನ ಹೆಸರಿಗೆ ತಟ್ಟುತ್ತದೆ, ನಿನ್ನವನನ್ನು ಬೇರೆ ಏನಾದರೂ ಕರೆದುಕೊ ಎಂದರು. ಮೊದಲು ಹುಟ್ಟಿದವನು ನನ್ನವನು ಎಂದು ಬಸಮ್ಮ ಹೇಳಬಹುದಿತ್ತು. ಹೇಳಲಿಲ್ಲ. ತೋಟದ ಆಳುಗಳಿಗೆಂದು ಅವರು ಕಟ್ಟಿಸಿದ ಲೈನ್ ಮನೆಯಲ್ಲಿ ವಾಸ, ಅವರ ಕಣದಲ್ಲಿ ಕೂಲಿ, ಯಾವ ಬಾಯಲ್ಲಿ ಹೇಳುತ್ತಾಳೆ?

ಹುಡುಗ ಪರಂಗಿ ಎಲೆಯ ದಂಟನ್ನು ಕತ್ತರಿಸಿ ಊದಿಕೊಂಡು ಓಡಾಡುತ್ತಿದ್ದುದರಿಂದ ಪೀಪಿ ಎಂದಾಯಿತು. ಮುಂದೆ ಅವನು ಸ್ಯಾಕ್ಸೋಫೋನು ಕಲಿತ. ಘಟ್ಟದ ಕೆಳಗಿನ ಮದುವೆಗಳಲ್ಲಿ ಹೆಸರು ಮಾಡಿದ. ಅಲ್ಲಿಯ ಜನ ಅವನನ್ನು ನಟರಾಜಣ್ಣ ಎನ್ನುತ್ತಿದ್ದರಂತೆ, ಶಾಲು ಹೊದಿಸುತ್ತಿದ್ದರಂತೆ. ಘಾಟಿ ಹತ್ತಿ ಬಂದನೋ, ಮತ್ತೆ ಪೀಪಿ. ಒಂದು ಸಲ, "ಅವ್ವ, ನೀನಾದ್ರೂ ನನ್ ಹೆಸರು ಹಿಡ್ದು ಕರಿಯವ್ವ" ಎಂದು ಕೇಳಿದ್ದ. ಅಷ್ಟು ದೊಡ್ಡ ಹೆಸರು ನನ್ನ ಬಾಯಿಗೆ ಹೊರಳುವುದಿಲ್ಲ ಮಗ ಎಂದು ಬಸಮ್ಮ ನಕ್ಕುಬಿಟ್ಟಿದ್ದಳು.

ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಯಸಳೂರಿನಲ್ಲಿ ಅಂಗಡಿಗಳು ಬಾಗಿಲು ಹಾಕಿದವು. ಸಾವ್ಕಾರರು ಜಗುಲಿಯ ಕಂಬಕ್ಕೆ ಒರಗಿ ಕೂತವರು ಏಳಲಿಲ್ಲ. ತೋಟದಲ್ಲಿ ಮಣ್ಣಿಗೆ ಜಾಗ ನೋಡಲು ಇಬ್ಬರು ಹೋದರು. ಹುಡುಗರು ಶ್ರದ್ಧಾಂಜಲಿ ಫ್ಲೆಕ್ಸಿಗೆ ಯಾವ ಫೋಟೋ ಚೆನ್ನಾಗಿದೆ ಎಂದು ಜಗಳಕ್ಕೆ ಬಿದ್ದರು. ಹೆಣ ಇನ್ನೂ ಘಾಟಿ ಹತ್ತಿರಲಿಲ್ಲ, ಫೋಟೋದಲ್ಲಿ ಗೆದ್ದ ಕಪ್ಪು ಹಿಡಿದಿರಬೇಕೋ ಬೇಡವೋ ಎಂಬುದು ಇವರ ಚಿಂತೆ. ಹೆಣ ತರಲು ರಯೀಸ್ ತನ್ನ ಜೀಪು ತಂದು ನಿಲ್ಲಿಸಿದ. ತಾನು ಬರುತ್ತೇನೆ ತಾನು ಬರುತ್ತೇನೆ ಎಂದು ಜೀಪಿನೊಳಗೆ ಹಿಡಿಸಲಾರದಷ್ಟು ಜನ ಹತ್ತಿ, ಸಾವ್ಕಾರರು ಏಳಲಿ ಎಂದು ಕಾಯುತ್ತ ಕೂತರು.

ಬಸಮ್ಮ ಹಿತ್ತಿಲ ಒಲೆಯಲ್ಲಿ ಎಲ್ಲರಿಗೂ ಕಾಫಿ ಕಾಯಿಸಿ ಕೊಡುತ್ತಿದ್ದಳು. ಅಳುತ್ತಲೂ ಇದ್ದಳು. ಆ ಹುಡುಗ ಅವಳ ಕಣ್ಣೆದುರಿಗೆ ಬೆಳೆದವನು, ಅಳು ಸುಳ್ಳಲ್ಲ. ಆದರೆ ಇದ್ದದ್ದು ಇದ್ದ ಹಾಗೆ ಹೇಳಬೇಕು. ಅಳುವಿನ ಅಡಿಯಲ್ಲಿ ಅವಳಿಗೆ ಒಂದು ಸಣ್ಣ ಸುಖವೂ ಇತ್ತು. ಜನ್ಮದಲ್ಲಿ ಮೊದಲ ಸಲ ಈ ಮನೆಗಿಂತ ತನ್ನ ಲೈನ್ ಮನೆ ತುಂಬಿದೆ, ವಿಶಾಲಮ್ಮನವರ ಹತ್ತಿರ ಇಲ್ಲದ್ದೊಂದು ತನ್ನ ಹತ್ತಿರ ಇದೆ ಎನಿಸಿತು. ಹಾಗೆನಿಸಿದ್ದಕ್ಕೆ ನಾಚಿಕೆಯಾಗಿ ಇನ್ನೂ ಜೋರಾಗಿ ಅತ್ತಳು.

ಕಬಡ್ಡಿ ತಂಡದ ಯೋಗೇಶ್ ಒಲೆಯ ಹತ್ತಿರ ಬಂದ. ಸಾವಿಗೆ ಊದಲು ಪೀಪಿ ಬೇಕು, ಎಲ್ಲಿದ್ದಾನೆ ಎಂದು ಕೇಳಿದ. ನಿನ್ನೆಯೇ ಘಟ್ಟದ ಕೆಳಗೆ ಮದುವೆಗೆ ಹೋಗಿದ್ದಾನೆ, ಸಂಜೆಯೊಳಗೆ ಬರುತ್ತಾನೆ ಎಂದಳು ಬಸಮ್ಮ. ಯೋಗೇಶನೇ ಫೋನು ಹಚ್ಚಿ ನೋಡಿದ, ಹತ್ತಲಿಲ್ಲ.

"ಘಾಟೀಲಿ ನೆಟ್‌ವರ್ಕ್ ಎಲ್ಲೈತೆ" ಎಂದು ಅವನೇ ಹೇಳಿದ. ಹೌದೆಂದು ಬಸಮ್ಮ ಒಲೆಗೆ ಸೌದೆ ಮುಂದೂಡಿದಳು. ಘಾಟಿಯ ಹೆಸರು ಕಿವಿಗೆ ಬಿದ್ದರೂ ಅವಳ ಎದೆ ಹಾರಲಿಲ್ಲ. ಸತ್ತವನು ನಟರಾಜ. ಅವಳ ಮಗ ಪೀಪಿ.

ಅಷ್ಟರಲ್ಲಿ ವಿಶಾಲಮ್ಮನವರು ಎದ್ದು ಕೂತು, ನನ್ನ ಮಗ ಸತ್ತಿಲ್ಲ, ಮುಡಿಪು ಕಟ್ಟಬೇಕು ಎಂದು ಹಟ ಹಿಡಿದರು. ಹಳದಿ ಬಟ್ಟೆಯಲ್ಲಿ ಕಾಸು ಕಟ್ಟಿ ಮನೆದೇವರಿಗೆ ಹರಕೆ ಹೊರುವುದು ಎಲ್ಲ ಕಡೆಯೂ ಇದೆ. ಆ ಮನೆತನದಲ್ಲಿ ಇನ್ನೊಂದು ಕಟ್ಟಳೆಯಿತ್ತು. ಮಗನ ಜೀವಕ್ಕಾಗಿ ಕಟ್ಟುವ ಮುಡಿಪನ್ನು ಮಗ ಬದುಕಿರುವ ಇನ್ನೊಬ್ಬ ತಾಯಿ ಕಟ್ಟಬೇಕು, ಬಂದದ್ದು ಬೇರೆ ಕಡೆ ಹೋಗಲಿ ಎಂದು ಬಾಯಿಬಿಟ್ಟು ಹೇಳಬೇಕು. ಒಳಗೆ ಗಂಡು ಹೆತ್ತವರು ಬೇಕಾದಷ್ಟು ಮಂದಿ ಕೂತಿದ್ದರು. ಹಳದಿ ಬಟ್ಟೆ ಹೊರಬಂದದ್ದೇ ತಡ, ಒಬ್ಬರಿಗೆ ಮಡಿ ಇಲ್ಲ, ಒಬ್ಬರಿಗೆ ಮಂಡಿನೋವು. ಸ್ವಂತ ಓರಗಿತ್ತಿ ನೀರು ಕುಡಿದು ಬರುತ್ತೇನೆಂದು ಎದ್ದು ಹೋದವಳು ಬರಲೇ ಇಲ್ಲ. ಹೋಗುವ ಪೀಡೆ ಯಾರ ಮನೆಗೆ ಹೋಗುತ್ತದೋ ಯಾರಿಗೆ ಗೊತ್ತು?

ಆಗ ಯಾರೋ ಬಸಮ್ಮನಿಗೂ ಒಬ್ಬ ಮಗನಿದ್ದಾನಲ್ಲ ಎಂದರು.

ಎಂದೂ ಹೊಸ್ತಿಲು ದಾಟಿಸದವರು ಅವಳನ್ನು ನಡುಮನೆಗೆ ಕರೆದು ಮಣೆ ಹಾಕಿ ಕೂರಿಸಿದರು. ತನ್ನನ್ನೇ ಯಾಕೆ ಕರೆದರು ಎಂದು ಬಸಮ್ಮನಿಗೆ ಗೊತ್ತಾಗದೆ ಇರಲಿಲ್ಲ, ಅವಳೇನು ದಡ್ಡಿಯಲ್ಲ. ಆದರೆ ವಿಶಾಲಮ್ಮನವರು ಕೈಮುಗಿದಿದ್ದರು. ಕಾಲ ಬುಡದಲ್ಲಿ ಕೂತು ದುಡಿದವಳಿಗೆ ಎದುರಿನಿಂದ ಮುಗಿದ ಕೈ ಕಂಡದ್ದು ಅದೇ ಮೊದಲು. ಅವಳ ಬುದ್ಧಿ ಕರಗಿಹೋಯಿತು. ಹೋದ ಹುಡುಗ ಹೋಗಿಯೇಬಿಟ್ಟಿದ್ದಾನೆ, ಇನ್ನು ಯಾವ ಪೀಡೆ ಎಲ್ಲಿಗೆ ಹೋದೀತು ಎಂದುಕೊಂಡು ಕಾಸು ಬಟ್ಟೆಗೆ ಹಾಕಿ ಗಂಟು ಬಿಗಿದಳು.

"ಈ ಮನೆ ನಟರಾಜ ಬದುಕಿ ಬರ್ಲಿ ಸ್ವಾಮಿ. ಬಂದದ್ದು ಬ್ಯಾರೆ ಕಡೀಕೆ ಹೋಗ್ಲಿ" ಎಂದಳು.

ಗಂಟು ದೇವರ ಮುಂದೆ ಇಟ್ಟು ಒಂದು ಗಳಿಗೆಯೂ ಆಗಿರಲಿಲ್ಲ, ಗೇಟಿನ ಕಡೆಯಿಂದ ಗದ್ದಲ ಕೇಳಿಸಿತು. ಕಬಡ್ಡಿ ನಟರಾಜ ಗೆಳೆಯನ ಕಾರಿನಿಂದ ಇಳಿದು, ಹೆಗಲಿಗೆ ಬ್ಯಾಗು ಹಾಕಿಕೊಂಡು, ಇದೇನು ಇಷ್ಟು ಜನ ಎಂದು ಕಣ್ಣು ಉಜ್ಜಿಕೊಳ್ಳುತ್ತ ಬರುತ್ತಿದ್ದ. ಫೋನು ಚಾರ್ಜು ಮುಗಿದು ಸತ್ತಿತ್ತು. ಇವನು ಶಿರಾಡಿ ಕಡೆಯಿಂದ ಸಕಲೇಶಪುರ ಸುತ್ತಿಕೊಂಡು ಬಂದಿದ್ದ. ಬಿಸಿಲೆ ದಾರಿಯನ್ನು ನೋಡಿಯೇ ಇರಲಿಲ್ಲ.

ಆಮೇಲಿನದನ್ನು ಏನು ಹೇಳುವುದು? ಹುಡುಗರು ಅವನನ್ನು ಎತ್ತಿ ಕುಣಿದರು. ಗೆದ್ದು ಬಂದರೆ ಹೊಡೆಯಲೆಂದು ತಂದಿಟ್ಟ ಪಟಾಕಿ ಸರ ಅಂಗಳದಲ್ಲೇ ಸಿಡಿಯಿತು. ಸಾವ್ಕಾರರು ಮಗನ ಮುಖ ಮುಟ್ಟಿ ಮುಟ್ಟಿ ನೋಡಿ ಮಕ್ಕಳ ಹಾಗೆ ಅತ್ತರು. ವಿಶಾಲಮ್ಮನವರು ಬಸಮ್ಮನ ಕಡೆ ತಿರುಗಿ, ನಿನ್ನ ಕೈಗುಣ ಕಣೆ, ನಿನ್ನ ಬಾಯಿಗೆ ಸಕ್ಕರೆ ಹಾಕ ಎಂದು ನಿಜವಾಗಿಯೂ ಸಕ್ಕರೆ ತಂದು ಬಾಯಿಗೆ ಹಾಕಿದರು. ಬಸಮ್ಮನೂ ನಕ್ಕಳು. ನಿಜವಾಗಿ ಸಂತೋಷಪಟ್ಟೇ ನಕ್ಕಳು.

ನಟರಾಜನೇ ಕೇಳಿದ್ದು. ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯದ ಮಾತು ಅವನಿಗೆ ಹೊಳೆಯಿತು, ಯಾಕೆಂದರೆ ಒಂದನೇ ಕ್ಲಾಸಿನಲ್ಲಿ ಮೇಷ್ಟ್ರು ಹಾಜರಿ ಕೂಗುವಾಗ ಇಬ್ಬರೂ ಒಟ್ಟಿಗೆ ಎದ್ದು ನಿಲ್ಲುತ್ತಿದ್ದರು.

"ನಾನಲ್ಲ ಅಂದ್ಮೇಲೆ ಸತ್ತೋನು ಯಾರು? ಯಸಳೂರು ನಟರಾಜ ಅಂದ್ರೆ... ಪೀಪಿ ಹೆಸರೂ ಅದೇ ಅಲ್ವೇನ್ರೋ?"

ಎಲ್ಲರೂ ಬಸಮ್ಮನನ್ನು ನೋಡಿದರು. ಬಸಮ್ಮನ ಬಾಯಲ್ಲಿ ಸಕ್ಕರೆ ಇನ್ನೂ ಕರಗಿರಲಿಲ್ಲ.

"ಇಲ್ಲ ಬುದ್ಧಿ. ನನ್ ಮಗ ಪೀಪಿ" ಎಂದಳು.

ನಟರಾಜ ನಂಜುಂಡನ ಫೋನು ಇಸಕೊಂಡು, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿ ಆಂಬುಲೆನ್ಸಿನವನ ಜೊತೆ ಮಾತಾಡಿದ. ಆಳು ಹೇಗಿದ್ದಾನೆ ಎಂದು ಕೇಳಿದ. ಸಣಕಲು ಮೈ, ಬಿಳಿ ಜುಬ್ಬ, ಕೊರಳಲ್ಲಿ ಕೊಕ್ಕೆ ಇರುವ ಒಂದು ಕಪ್ಪು ಪಟ್ಟಿ, ಯಾವುದೋ ಕಾರ್ಡಿನ ಪಟ್ಟಿ ಇರಬೇಕು ಎಂದ ಅವನು. ಅದು ಸ್ಯಾಕ್ಸೋಫೋನು ನೇತು ಹಾಕುವ ಪಟ್ಟಿ. ಮದುವೆ ಮುಗಿಸಿ ಹೊರಟ ಪೀಪಿ ಅದನ್ನು ತೆಗೆಯಲು ಮರೆಯುತ್ತಿದ್ದ. ಮರೆತೇ ಮನೆಗೆ ಬಂದು, ಮರೆತೇ ಊಟಕ್ಕೆ ಕೂತು, ಬಸಮ್ಮ ಎಷ್ಟೋ ಸಲ ತನ್ನ ಕೈಯಿಂದ ಬಿಚ್ಚಿದ್ದಳು. ನಟರಾಜ ಫೋನು ಕೆಳಗಿಳಿಸಿದ.

ಗುಂಪಿನಲ್ಲಿ ಯಾರೋ ಸದ್ಯ ಎಂದರು. ಇನ್ಯಾರೋ, ಅವಳೇ ಅಲ್ವ ಕಟ್ಟಿದ್ದು ಎಂದು ಪಿಸುಗುಟ್ಟಿದರು. ಜೀಪಿನಲ್ಲಿ ಕೂತಿದ್ದವರು ಒಬ್ಬೊಬ್ಬರಾಗಿ ಇಳಿಯತೊಡಗಿದರು. ಒಬ್ಬನಿಗೆ ಹಸು ಕಟ್ಟಬೇಕು, ಒಬ್ಬನಿಗೆ ಪಂಪು ಹಾಕಬೇಕು. ಕೊನೆಗೆ ಉಳಿದವನು ಡ್ರೈವರ್ ರಯೀಸ್ ಒಬ್ಬನೇ. ಅವನು ಹೋಗಲೋ ಬೇಡವೋ ಎಂದು ಸಾವ್ಕಾರರ ಮುಖ ನೋಡಿದ. ಅವರು ಹೋಗು ಎಂಬಂತೆ ತಲೆಯಾಡಿಸಿ ಮಗನ ಕೈ ಹಿಡಿದುಕೊಂಡು ಒಳಗೆ ನಡೆದರು.

ಬಸಮ್ಮ ಅಂಗಳದ ನಡುವೆ ನಿಂತಿದ್ದಳು. ಸಾಯುವಾಗ ಕೂಡ ಮಗ ತನ್ನ ಹೆಸರು ಹೇಳಿದ್ದಾನೆ. ಕೇಳಿದವರಿಗೆ ಸರಿಯಾಗಿಯೇ ಹೇಳಿದ್ದಾನೆ. ಬೆಳಗಿನಿಂದ ಊರೆಲ್ಲ ಆ ಹೆಸರು ಹಿಡಿದು ಅಳುತ್ತಿದ್ದರೆ, ಹೆತ್ತವಳು ಮಾತ್ರ ಇನ್ನೊಬ್ಬರ ಮಗನೆಂದು ಕಾಫಿ ಕಾಯಿಸುತ್ತಿದ್ದಳು. ಅದು ತಲೆಗೆ ಹತ್ತಿದ್ದೇ ಅವಳು ಅಂಗಳದ ಮಣ್ಣಿನಲ್ಲಿ ಕೂತುಬಿಟ್ಟಳು. ಎದೆ ಬಡಿದುಕೊಂಡು, ಎಂದೂ ಹೊರಳದ ನಾಲಿಗೆಯಲ್ಲಿ ಕೂಗಿದಳು.

"ನಟರಾಜಾ... ಹೋಗ್ಬುಟ್ಯಲ್ಲೋ ನನ್ ನಟರಾಜಾ..."

ಒಳಗಿನಿಂದ ವಿಶಾಲಮ್ಮನವರು ಓಡಿ ಬಂದರು. ಬಂದವರು ಬಸಮ್ಮನ ಪಕ್ಕ ಕುಕ್ಕರಿಸಿ ಕೂತು, ತಮ್ಮ ಕೈಯಿಂದಲೇ ಅವಳ ಬಾಯಿ ಮುಚ್ಚಿದರು.

"ಬಿಡ್ತು ಅನ್ನೇ ಬಸಮ್ಮ. ನನ್ ಮಗ ಈಗಿನ್ನೂ ಹೊಸ್ತಿಲು ತುಳ್ದವ್ನೆ, ಅವನ ಹೆಸರು ಹಿಡ್ದು ನಮ್ ಅಂಗ್ಳದಲ್ಲಿ ಅಳ್ತೀಯಲ್ಲ. ಪೀಪಿ ಅಂತ ಅಳು ಮಾರಾಯ್ತಿ, ಯಾರ್ ಬ್ಯಾಡ ಅಂತಾರೆ?"

ಬಸಮ್ಮ ಅವರ ಮುಖವನ್ನೇ ನೋಡಿದಳು. ಆ ಮುಖದಲ್ಲಿ ಕೆಡುಕಿರಲಿಲ್ಲ, ಬರೀ ಹೆದರಿಕೆಯಿತ್ತು. ಕಚ್ಚಬಹುದಿತ್ತು ಆ ಕೈಯನ್ನು. ಊರು ಹಾಳಾಗುವ ಹಾಗೆ ಇನ್ನೊಂದು ಸಲ ಆ ಹೆಸರು ಕೂಗಬಹುದಿತ್ತು. ಆದರೆ ಇಷ್ಟು ವರ್ಷ ಪಳಗಿದ ಬಾಯಿ ಅದು, ಒಡತಿಯ ಕೈ ತೆಗೆದೊಡನೆ ತಾನಾಗಿಯೇ ಹೇಳಿತು.

"ಬಿಡ್ತು ಅಮ್ಮಾರೆ."

ರಯೀಸ್ ಅವಳ ರಟ್ಟೆ ಹಿಡಿದು ಎಬ್ಬಿಸಿ ಜೀಪಿಗೆ ಹತ್ತಿಸಿದ. ಹಿಂದಿನ ಸೀಟುಗಳೆಲ್ಲ ಖಾಲಿ. ಗೇಟು ದಾಟುವಾಗ ಬಸಮ್ಮ ಕಂಬಿ ಹಿಡಿದುಕೊಂಡು ಪೀಪಿ, ನನ್ ಪೀಪಿ ಎಂದು ಗಟ್ಟಿಯಾಗಿ ಅಳತೊಡಗಿದಳು. ಗೇಟಿನ ಹತ್ತಿರ ನಿಂತಿದ್ದ ಹುಡುಗರಲ್ಲಿ ಇಬ್ಬರಿಗೆ ನಗು ತಡೆಯಲಾಗಲಿಲ್ಲ.