ಹತ್ತಿ ಹೋಗದ ಹಾಗೆ

ನಮ್ಮ ಮನೆಯಲ್ಲಿ ಹತ್ತಿ ಹೋಗದ ಜಾಗವೇ ಇಲ್ಲ. ಮುಂದಿನ ಕೋಣೆ ಹಾಸಿಗೆ ಅಂಗಡಿ, ಅಲ್ಲೇ ಹತ್ತಿ ಹಿಂಜುವ ಮೆಷಿನ್ನು. ಹಿಂದಿನ ಕೋಣೆಯಲ್ಲಿ ನಾವು. ಹಾಲಿನ ಮೇಲೆ ಹತ್ತಿ, ಹುಬ್ಬಿನ ಮೇಲೆ ಹತ್ತಿ, ಅತ್ತೆಯ ಎದೆಯಲ್ಲಂತೂ ಮೂವತ್ತು ವರ್ಷದ ಹತ್ತಿ. ಈ ಕೆಲಸ ಬಿಡದಿದ್ದರೆ ಕೆಮ್ಮು ಬಿಡುವುದಿಲ್ಲ ಎಂದು ಡಾಕ್ಟರು ಹೇಳಿ ವರ್ಷವಾಯಿತು. ಬಿಟ್ಟು ತಿನ್ನುವುದೇನು? ಅದಕ್ಕೇ ನಾನೊಂದು ಆಫೀಸಿನ ನೌಕರಿಗೆ ಅರ್ಜಿ ಹಾಕಿದ್ದೆ. ಅದು ಸಿಕ್ಕ ದಿನವೇ ಮೆಷಿನ್ನಿಗೆ ಬೀಗ ಎಂದು ಗಂಡ ಮಾತು ಕೊಟ್ಟಿದ್ದರು.

ಆ ನೌಕರಿಯ ಪರೀಕ್ಷೆ ಮನೆಯಲ್ಲೇ, ಲ್ಯಾಪ್‌ಟಾಪಿನಲ್ಲಿ. ವಾರದ ಹಿಂದೆ ಅದನ್ನು ಬಿಚ್ಚಿದ ರಿಪೇರಿಯವನು ಫ್ಯಾನಿನಿಂದ ಹತ್ತಿಯುಂಡೆ ಎಳೆದು, "ಒಂದು ದಿಂಬಾಗತ್ತೆ ನೋಡಿ. ಇನ್ಮೇಲೆ ಒಳಗೆ ಧೂಳು ಹೋಗ್ಬಾರದು" ಎಂದು ನಕ್ಕಿದ್ದ. ಅತ್ತೆ ನಗಲಿಲ್ಲ. ದಿಂಬಿನ ಗವಸು ಹೊಲಿಯುವ ಕೈ ಸುಮ್ಮನಿರುತ್ತದೆಯೇ? ಲ್ಯಾಪ್‌ಟಾಪಿನ ತಳಕ್ಕೆ ಎರಡು ಪದರದ ಗವಸು ಹೊಲಿದು, ಹಿಂದೆ ಲಾಡಿ ಬಿಗಿದು, "ಇನ್ನು ಎಳೆ ಹತ್ತೀನೂ ಹೋಗಲ್ಲ" ಎಂದರು. "ಚೆನ್ನಾಗಿದೆ ಅತ್ತೆ" ಎಂದೆ. ಓದಿದವಳು ನಾನು, ಫ್ಯಾನಿನ ಗಾಳಿಯ ದಾರಿಯೇ ಮುಚ್ಚಿತೆಂದು ನನಗೂ ಹೊಳೆಯಲಿಲ್ಲ.

ಪರೀಕ್ಷೆಯುದ್ದಕ್ಕೂ ಕ್ಯಾಮೆರಾ ನೋಡುತ್ತಿರುತ್ತದೆ, ಮೈಕು ಕೇಳುತ್ತಿರುತ್ತದೆ. ಎದ್ದರೆ, ಆಚೀಚೆ ನೋಡಿದರೆ, ಯಾರದಾದರೂ ದನಿ ಕೇಳಿಸಿದರೆ ಎಚ್ಚರಿಕೆಯ ಗಂಟೆ. ಮೂರನೆಯದಕ್ಕೆ ಪರೀಕ್ಷೆ ರದ್ದು. ಮೆಷಿನ್ನು ನಿಲ್ಲಿಸಿ, ಗಿರಾಕಿಗಳನ್ನು ತಡೆಯಲು ಗಂಡ ಬೀದಿಬಾಗಿಲಲ್ಲಿ ಕುಳಿತರು.

ಅರ್ಧ ಗಂಟೆಗೆ ಫ್ಯಾನು ಕಿರುಚತೊಡಗಿತು. ಕೀಲಿಗಳು ಕಾವಲಿಯಂತೆ ಸುಡುತ್ತಿದ್ದವು. ಅರೆ ಎದ್ದು ಹಿಂದಿನ ಲಾಡಿಗೆ ಕೈ ಚಾಚಿದೆ, ಎಚ್ಚರಿಕೆ ಒಂದು. ಬಗ್ಗಿ ನೋಡಿದೆ, ಎಚ್ಚರಿಕೆ ಎರಡು. ಆಮೇಲೆ ಮರದ ಬೊಂಬೆಯಾಗಿ ಕುಳಿತೆ. ಇಲಿಬೋನಿಗೆ ಅರ್ಜಿ ಹಾಕಿ ಸೇರಿಕೊಂಡವಳು ನಾನೇ. ಇನ್ನೈದು ನಿಮಿಷಕ್ಕೆ ಇದು ಆರಿಹೋಗುವುದು ಖಂಡಿತ. ಅಳು ಬಂತು, ಅಳುವುದಕ್ಕೂ ಭಯ.

ಕ್ಯಾಮೆರಾದ ಹಿಂದಿನ ಬಾಗಿಲು ಮೆಲ್ಲಗೆ ಸರಿಯಿತು. ಫ್ಯಾನಿನ ಅರಚಾಟವೂ ಎಚ್ಚರಿಕೆಯ ಎರಡು ಗಂಟೆಯೂ ಅತ್ತೆಗೆ ಕೇಳಿಸಿರಬೇಕು. ಅರವತ್ತು ದಾಟಿದ ಹೆಂಗಸು ಕ್ಯಾಮೆರಾಗೆ ಕಾಣದಂತೆ ನೆಲದಲ್ಲಿ ತೆವಳಿ ಮೇಜಿನಡಿ ಬಂದರು. ಲ್ಯಾಪ್‌ಟಾಪಿನ ಪರದೆಯ ಹಿಂದಿನಿಂದ ಎರಡು ಕೈ ಮೇಲೆದ್ದು, ಲಾಡಿ ಬಿಚ್ಚಿ, ಗವಸನ್ನು ಅಷ್ಟಷ್ಟೇ ಎಳೆದುಕೊಂಡವು. ಸ್ವಲ್ಪ ಹೊತ್ತಿಗೆ ಫ್ಯಾನು ತಣ್ಣಗಾಯಿತು. ನನಗೆ ಹೋದ ಜೀವ ಬಂತು.

ಆದರೆ ಮೇಜಿನಡಿ ಗುಡಿಸದ ಹತ್ತಿಯಿತ್ತು. ಅತ್ತೆಗೆ ಕೆಮ್ಮು ಒತ್ತರಿಸಿತು. ಸದ್ದಾದರೆ ನನ್ನ ಪರೀಕ್ಷೆ ಮುಗಿಯಿತು ಎಂದು ಅವರಿಗೆ ಗೊತ್ತು. ಕೈಯಲ್ಲಿದ್ದ ಗವಸನ್ನೇ ಬಾಯಿಗೆ ತುರುಕಿಕೊಂಡು ನನ್ನ ಕಾಲು ಹಿಡಿದುಕೊಂಡರು. ನುಂಗಿದ ಒಂದೊಂದು ಕೆಮ್ಮೂ ಆ ಕೈಯಿಂದ ನನ್ನ ಕಾಲಿಗೆ ನಡುಗಿ ಬರುತ್ತಿತ್ತು. ಒಂಬತ್ತು ಪ್ರಶ್ನೆ ಉಳಿದಿದ್ದವು. ಎಂಟು. ಏಳು. ಉತ್ತರಗಳೆಲ್ಲ ಗೊತ್ತಿದ್ದವು, ಅದೇ ಸಂಕಟ. ಇನ್ನೊಂದು ಚೂರು ತಡೆಯಿರಿ ಎಂದು ಮನಸ್ಸಿನಲ್ಲೇ ಅಂಗಲಾಚಿದೆ. ಹಾಗೆ ಅಂಗಲಾಚಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಆರು ಉಳಿದಾಗ ಕಾಲ ಮೇಲಿನ ಹಿಡಿತ ಸಡಿಲವಾಯಿತು.

"ಕೆಮ್ಮಿಬಿಡಿ ಅತ್ತೆ!" ಎಂದು ಕೂಗಿ ಮೇಜಿನಡಿ ನುಗ್ಗಿದೆ. ಬಾಯಿಂದ ಗವಸು ಕಿತ್ತೆ. ಮೇಲೆ ಮೂರನೆಯ ಎಚ್ಚರಿಕೆ ಬಡಿದುಕೊಂಡಿತು.

ಅವರ ಮುಖ ನೀಲಿಗಟ್ಟಿತ್ತು. ಕೆಮ್ಮಿ ಕೆಮ್ಮಿ ಉಸಿರು ಸಿಕ್ಕ ಮೇಲೆ ನನ್ನ ಬೆನ್ನಿಗೊಂದು ಗುದ್ದಿದರು.

"ನಾನು ಬಾಯಿ ಮುಚ್ಕೊಂಡೇ ಇದ್ನಲ್ಲೇ, ಹಾಳಾದೋಳೆ! ನೀನ್ಯಾಕೆ ಬಾಯಿ ಬಿಟ್ಟೆ?" ಎಂದು ಅತ್ತರು.

ಆ ಮಧ್ಯಾಹ್ನ ಅತ್ತೆಯನ್ನು ಮೆಷಿನ್ನಿನ ಮುಂದೆ ಕೂರಲು ಬಿಡಲಿಲ್ಲ. ನಾನೇ ಕುಳಿತೆ.