ಸ್ನಾನ ಬೇಡವೆಂದ ಮೊಟ್ಟೆ

ಬಸ್ ನಿಲ್ದಾಣದ ಮೈಕಿನಲ್ಲಿ ಯಾವ ಬಸ್ಸು ಎಲ್ಲಿಗೆ ಎಂದು ಕೂಗಿ ಕೂಗಿಯೇ ನಿವೃತ್ತನಾದ ತಾತನಿಗೆ ಗಂಟಲಿನ ಆಪರೇಷನ್ ಆಯಿತು. ಗಾಯ ಮಾಗುವವರೆಗೆ ಪಿಸುಮಾತೂ ಕೂಡದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ಸೊಸೆ ಒಂದು ಸ್ಲೇಟು ತಂದುಕೊಟ್ಟಳು. ನೀರು ಬೇಕು, ಫ್ಯಾನು ಬೇಡ ಎನ್ನುವುದಕ್ಕೆಲ್ಲ ಅದು ಸಾಕಾಯಿತು. ಮೊಮ್ಮಗಳ ಹತ್ತಿರ ಮಾತ್ರ ಅದರ ಆಟ ನಡೆಯಲಿಲ್ಲ. ನಾಲ್ಕು ವರ್ಷದ ಚಿನಕುರುಳಿಗೆ ಇನ್ನೂ ಅಕ್ಷರ ಬರುತ್ತಿರಲಿಲ್ಲ.

ಚಿನಕುರುಳಿ ಎಂಬುದು ತಾತನೇ ಇಟ್ಟ ಹೆಸರು. ಊಟವಾದ ಮೇಲೆ ಅವನ ಹೊಟ್ಟೆಗೆ ಒರಗಿ, ಹುಲಿಗೊಂದು ದನಿ, ಇಲಿಗೊಂದು ದನಿ ಕೇಳುತ್ತ ಬೆಳೆದವಳು ಅವಳು. ಈಗಲೂ ಪುಸ್ತಕ ತಂದು ತಾತನ ತೊಡೆಯ ಮೇಲಿಟ್ಟು ಕಾಯುತ್ತಿದ್ದಳು. ಅವನು ತುಟಿ ಬಿಚ್ಚದ್ದನ್ನು ಕಂಡು ಮುಖ ಊದಿಸಿಕೊಂಡು ಎದ್ದು ಹೋಗುತ್ತಿದ್ದಳು. ಕೊನೆಗೆ ಪುಸ್ತಕ ತರುವುದನ್ನೇ ಬಿಟ್ಟಳು. ತಾತನಿಗೆ ಗಂಟಲಿಗಿಂತ ಅದೇ ಹೆಚ್ಚು ನೋಯಿತು.

ಅವನು ಸ್ಲೇಟು ಕಂಕುಳಲ್ಲಿಟ್ಟುಕೊಂಡು ಲೈಬ್ರರಿಯ ಮಕ್ಕಳ ಕೋಣೆಗೆ ಹೋದ. ‘ಮಾತಾಡಬಾರದ ತಾತ, ಓದಲು ಬಾರದ ಮೊಮ್ಮಗಳು. ಇಬ್ಬರಿಗೂ ಆಗುವ ಪುಸ್ತಕ ಇದೆಯೇ?’ ಎಂದು ಬರೆದು ತೋರಿಸಿದ. ಲೈಬ್ರರಿಯ ಹೆಂಗಸು ಅದನ್ನು ಎರಡು ಸಲ ಓದಿದಳು. ಆಮೇಲೆ ಗಿಡ್ಡ ಕಪಾಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಪುಸ್ತಕ ತೆಗೆದಳು. ಪ್ರಾಣಿಗಳ ಕೂಗಿನ ಪುಸ್ತಕ ಆಗದು, ಪ್ರಾಸದ ಪದ್ಯ ಆಗದು ಎಂದು ತಾನೇ ಗೊಣಗಿಕೊಂಡು ಮತ್ತೆ ಒಳಗಿಟ್ಟಳು. ಕೊನೆಗೆ ಅಂಚು ಸವೆದ ಅಗಲವಾದ ಪುಸ್ತಕವೊಂದು ಸಿಕ್ಕಿತು. ಅದರಲ್ಲಿ ಕಾಣೆಯಾದ ಮೊಟ್ಟೆಯನ್ನು ಹುಡುಕುತ್ತ ಕೋಳಿಯೊಂದು ಪೇಟೆಯೆಲ್ಲ ಅಲೆಯುತ್ತದೆ. ಪ್ರತಿ ಪುಟದಲ್ಲೂ ಮೊಟ್ಟೆ ಎಲ್ಲೋ ಅಡಗಿರುತ್ತದೆ.

“ಇದ್ರಲ್ಲಿ ಒಂದಕ್ಷರವೂ ಇಲ್ಲ ತಾತ,” ಎಂದಳು ಅವಳು. “ನೀವು ಹಾಳೆ ತಿರುಗಿಸಿದ್ರೆ ಸಾಕು. ಅವಸರ ಮಾತ್ರ ಮಾಡ್ಬೇಡಿ. ಮಗು ಒಂದೇ ಚಿತ್ರದ ಮುಂದೆ ಕೂತ್ಕೊಂಡ್ರೆ ಕೂತ್ಕೊಳ್ಲಿ ಬಿಡಿ.”

ಅಕ್ಷರವಿಲ್ಲದ್ದು ಎಂಥ ಪುಸ್ತಕ ಎಂದು ತಾತನಿಗೆ ಅನುಮಾನವೇ. ಆದರೂ ಸಂಜೆ ಅದನ್ನು ಬಿಡಿಸಿಕೊಂಡು ಕೂತ. ಮೊಮ್ಮಗಳು ಬೆನ್ನು ತಿರುಗಿಸಿ ಬಣ್ಣದ ಕಡ್ಡಿಯಿಂದ ಗೀಚುತ್ತಿದ್ದಳು. ಕ್ಷೌರದಂಗಡಿಯ ಪುಟ ಬಂದಾಗ ತಾತನಿಗೆ ನಿಜಕ್ಕೂ ನಗು ತಡೆಯಲಾಗಲಿಲ್ಲ. ಸದ್ದಿಲ್ಲದೆ ಹೊಟ್ಟೆ ಕುಲುಕಿತು. ಅವಳು ಓರೆಗಣ್ಣಿನಿಂದ ನೋಡಿದಳು. ನೋಡಿ ಹತ್ತಿರ ಸರಿದಳು. ತಾತ ಬೇಕೆಂದೇ ಗಿರಾಕಿಯ ಬೋಳುತಲೆಯ ಮೇಲೆ ಬೆರಳಿಟ್ಟು, ಸಿಕ್ಕಿತು ಎಂಬಂತೆ ಹುಬ್ಬೇರಿಸಿದ.

“ಅದು ಮೊಟ್ಟೆ ಅಲ್ಲ ತಾತ, ತಲೆ,” ಎಂದಳು ಚಿನಕುರುಳಿ ಬಹಳ ತಾಳ್ಮೆಯಿಂದ. ಸೋಪಿನ ನೊರೆಯ ಬಟ್ಟಲಿನಲ್ಲಿದ್ದ ಮೊಟ್ಟೆಯನ್ನು ತೋರಿಸಿದಳು. “ಅದಕ್ಕೆ ಸ್ನಾನ ಬೇಡ. ಅದಕ್ಕೇ ಓಡಿಹೋಗಿದೆ. ಈಗ ಸೋಪಲ್ಲೇ ಬಿದ್ದಿದೆ ನೋಡು, ಪಾಪ.”

ಅಲ್ಲಿಂದ ಕತೆ ಅವಳ ವಶವಾಯಿತು. ದಿನಕ್ಕೊಂದು ಕತೆ. ಒಂದು ದಿನ ಮೊಟ್ಟೆಗೆ ಜ್ವರ, ಮರುದಿನ ಅದಕ್ಕೆ ಅಮ್ಮನ ಮೇಲೆ ಕೋಪ. ತಾತ ಬೇಕೆಂದೇ ತಪ್ಪು ತೋರಿಸುವನು, ಅವಳು ತಿದ್ದುವಳು. ಪಾತ್ರೆ ತೊಳೆಯುತ್ತಿದ್ದ ಸೊಸೆ ನಲ್ಲಿ ನಿಲ್ಲಿಸಿ ಕೇಳುವಳು. ಲೈಬ್ರರಿಯವಳೂ ಪುಸ್ತಕದ ವಾಯಿದೆಯನ್ನು ನಗುನಗುತ್ತ ಮುಂದೂಡಿದಳು.

ಕೊನೆಗೂ ಡಾಕ್ಟರು ಅಪ್ಪಣೆ ಕೊಟ್ಟರು. ಮೊದಲ ಮಾತು ಮೊಮ್ಮಗಳಿಗೇ ಮೀಸಲು ಎಂದು ತಾತ ದಾರಿಯುದ್ದಕ್ಕೂ ಬಾಯಿ ಬಿಗಿಹಿಡಿದು ಮನೆಗೆ ಬಂದ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪುಸ್ತಕ ತೆರೆದ.

“ಒಂದೂರಲ್ಲಿ ಒಂದು ಕೋಳಿ...”

ಹಳೆಯ ಕಂಚಿನ ಕಂಠವಲ್ಲ, ಒರಟು ದನಿ. ಅವಳು ಬೆಚ್ಚಿ ಅವನ ಗಂಟಲು ಮುಟ್ಟಿ ನೋಡಿದಳು.

“ನೋಯ್ತಿದ್ಯಾ ತಾತ?”

“ಇಲ್ಲ ಪುಟ್ಟಿ.”

ಅವಳು ತನ್ನ ಪುಟ್ಟ ಅಂಗೈಯನ್ನು ಅವನ ಬಾಯಿಗೆ ಅಡ್ಡ ಹಿಡಿದಳು. “ಹಾಗಾದ್ರೆ ಆಮೇಲೆ ಮಾತಾಡು. ಈಗ ನಾನು ಹೇಳ್ತೀನಿ.”

ತಾತ ತಲೆಯಾಡಿಸಿ, ಹಾಳೆ ತಿರುಗಿಸಿದ.